ಗೆರೆ ಮೂಡದ ಪಟ್ಟಿ

ಹಡಗಿನಿಂದ
4 ಜನವರಿ 1996

ಪ್ರೀತಿಯ ಅತ್ತಿಗೆಗೆ, ಗುಬ್ಬಿಯ ನಮಸ್ಕಾರಗಳು.

ಸರಕಿನ ಹಡಗು ಬಂದಿದೆ. ಡೀಸೆಲ್ಲು, ಆಲೂಗಡ್ಡೆ ಇಳಿಸಿ, ನಮ್ಮ ಪತ್ರ ಪೆಟ್ಟಿಗೆಗಳನ್ನು ಹೇರಿಕೊಂಡು ಸಂಜೆಗೆ ಹೊರಡುತ್ತದೆ. ಅದು ನಿಮ್ಮ ದಡ ಮುಟ್ಟಲು ಮೂರು ವಾರ ಬೇಕು. ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕಾಗೆಕಾಲು ಗುಬ್ಬಿಕಾಲು ಆಗಿದ್ದರೆ ಬೈಯಬೇಡಿ, ಬರೆದದ್ದು ಗುಬ್ಬಿಯೇ ತಾನೆ.

ಅತ್ತಿಗೆ, ಎರಡೂವರೆ ಕಿಲೋಮೀಟರ್ ಆಳದಲ್ಲಿ ನಮಗೊಂದು ಚಿಮಣಿ ಸಿಕ್ಕಿದೆ! ಯಾರೂ ಕಟ್ಟಿದ್ದಲ್ಲ. ಕಡಲ ತಳದ ಬಂಡೆ ಬಿರುಕು ಬಿಟ್ಟ ಕಡೆ ನೀರು ಒಳಗಿಳಿದು, ಕೆಳಗಿನ ಬೆಂಕಿಗೆ ಕಾಯ್ದು, ಬಂಡೆಯಲ್ಲಿರುವ ಕಬ್ಬಿಣ, ಗಂಧಕ ಎಲ್ಲ ಕರಗಿಸಿಕೊಂಡು ಮೇಲಕ್ಕೆ ಉಕ್ಕುತ್ತದೆ. ತಣ್ಣೀರು ತಾಗಿದ ಕೂಡಲೇ ಕರಗಿದ್ದೆಲ್ಲ ಗಟ್ಟಿಯಾಗಿ ಕೊಳವೆಯ ಹಾಗೆ ಬೆಳೆಯುತ್ತ ಹೋಗುತ್ತದೆ. ಒಳಗಿನ ನೀರು ಮುನ್ನೂರು ಡಿಗ್ರಿ ದಾಟಿದೆ. ಆದರೂ ಕುದಿಯುವುದಿಲ್ಲ, ಮೇಲಿನ ಕಡಲಿನ ಭಾರ ಕುದಿಯಲು ಬಿಡುವುದಿಲ್ಲ. ಆ ಚಿಮಣಿಯ ಗೋಡೆಯಲ್ಲಿ ಸಣ್ಣ ಸಣ್ಣ ತೂತುಗಳಿವೆ, ಅವುಗಳೊಳಗೆ ಸೂಕ್ಷ್ಮಜೀವಿಗಳಿರಬೇಕು ಎಂಬುದು ನಮ್ಮ ನಂಬಿಕೆ. ಬಿಸಿಲು ಕಾಣದೆ, ಗಾಳಿ ಕಾಣದೆ, ಬಂಡೆಯಿಂದ ಬರುವ ಜಲಜನಕ ತಿಂದು, ಕಬ್ಬಿಣದ ತುಕ್ಕನ್ನೇ ಉಸಿರಾಡಿಕೊಂಡು ಬದುಕುವಂಥವು. ನಾವು ಬೆಂದುಹೋಗುವ ಬಿಸಿ ಅವಕ್ಕೆ ಹಿತ. ಯಂತ್ರದ ಕೈ ಗೋಡೆಯ ಒಂದು ತುಂಡು ಮುರಿದು ತಂದಿದೆ.

ಆ ತುಂಡನ್ನು ಪುಡಿ ಮಾಡಿ ಇಪ್ಪತ್ನಾಲ್ಕು ಬಾಟಲಿಗೆ ಹಾಕಿ ಕಳಿಸುತ್ತಿದ್ದೇನೆ. ಒಳಗಿರುವುದು ಅವಕ್ಕೆ ಉಸಿರಾಡಲೆಂದು ಹಾಕಿದ ಕೆಂಪು ತುಕ್ಕಿನ ಕೆಸರು. ರಬ್ಬರ್ ಬಿರಡೆ ಮುಟ್ಟಬೇಡಿ, ಗಾಳಿ ಹೊಕ್ಕರೆ ಮುಗಿಯಿತು. ದಾರಿಯಲ್ಲಿ ತಣ್ಣಗಿದ್ದರೆ ಪರವಾಗಿಲ್ಲ, ಮುದುಡಿಕೊಂಡು ಮಲಗಿರುತ್ತವೆ. ಪ್ರಯೋಗಾಲಯದ ನೂರೈದು ಡಿಗ್ರಿಯ ಓವನ್ನಿನಲ್ಲಿಡಿ. ಜೀವ ಇದ್ದರೆ ಕೆಂಪು ಕೆಸರು ಕಪ್ಪಾಗುತ್ತದೆ, ಹೊರಗಿನಿಂದ ಅಯಸ್ಕಾಂತ ಹಿಡಿದರೆ ಗಾಜಿಗೆ ಬಂದು ಅಂಟುತ್ತದೆ. ಅಣ್ಣನ ರಿಪೇರಿ ಅಂಗಡಿಯಲ್ಲಿ ಕೆಟ್ಟ ಸ್ಪೀಕರಿನ ಅಯಸ್ಕಾಂತ ಇರುತ್ತದಲ್ಲ, ಒಂದು ಇಸಿದುಕೊಳ್ಳಿ.

ಹನ್ನೆರಡರ ಮೇಲೆ ಪೆನ್ಸಿಲಿನಲ್ಲಿ ‘ಸ’ ಎಂದು ಬರೆದಿದ್ದೇನೆ. ಅವುಗಳನ್ನು ಜೋಪಾನ ಮಾಡಿ, ನನ್ನ ಇಡೀ ಮಾತು ನಿಲ್ಲುವುದೇ ಅವುಗಳ ಮೇಲೆ. ಉಳಿದವಕ್ಕೆ ಏನೂ ಬರೆದಿಲ್ಲ, ನಿಮಗೇ ಗೊತ್ತಾಗುತ್ತದೆ.

ನಮ್ಮ ಯಾತ್ರೆಯ ಮುಖ್ಯಸ್ಥರು ನಿನ್ನೆ ಊಟದ ಮೇಜಿನಲ್ಲಿ ಎಲ್ಲರೆದುರು ಅಂದರು: “ಮೂರು ವರ್ಷ ಆಯ್ತಮ್ಮ. ಈ ಸಲಾನೂ ಬರಿಗೈ ಅಂದ್ರೆ ಮುಂದಿನ ಯಾತ್ರೆಗೆ ಬೇರೆಯವರನ್ನ ನೋಡ್ಕೋತೀನಿ.” ನಕ್ಕೇ ಹೇಳಿದರು. ಈ ಇಪ್ಪತ್ನಾಲ್ಕು ಬಾಟಲಿ ನನ್ನ ಕಡೆಯ ಅವಕಾಶ ಅತ್ತಿಗೆ.

ನಿಮ್ಮ ಗುಬ್ಬಿ


ಪ್ರಯೋಗಾಲಯದಿಂದ
6 ಫೆಬ್ರವರಿ 1996

ಗುಬ್ಬಿಗೆ ಅತ್ತಿಗೆಯ ಆಶೀರ್ವಾದ.

ನಿಂತು ಓದುತ್ತಿದ್ದರೆ ಕೂತುಕೋ. ನಿನ್ನ ಕೂಸುಗಳು ಬದುಕಿವೆ ಕಣೇ!

ಪೆಟ್ಟಿಗೆ ಬಂದದ್ದು ಜನವರಿ ಇಪ್ಪತ್ತೈದಕ್ಕೆ. ಒಂದೂ ಒಡೆದಿರಲಿಲ್ಲ. ಆದರೆ ಅದೇ ವಾರ ನಮ್ಮ ದೊಡ್ಡ ಓವನ್ನು ಕೈಕೊಟ್ಟಿತ್ತು. ಸಣ್ಣದರಲ್ಲಿ ಹನ್ನೆರಡಕ್ಕಿಂತ ಒಂದೂ ಹೆಚ್ಚು ಹಿಡಿಯದು. ನಿನ್ನನ್ನು ಕೇಳೋಣವೆಂದರೆ ಪತ್ರ ಹೋಗಿ ಬರಲು ನಲವತ್ತು ದಿನ. ರೇಡಿಯೋ ಇರುವುದು ಡೈರೆಕ್ಟರ್ ಸಾಹೇಬರ ಕೋಣೆಯಲ್ಲಿ, ದಿನಗೂಲಿಯವಳು ಅದನ್ನು ಮುಟ್ಟುವುದುಂಟೇ? ಹಾಗಾಗಿ ನಾನೇ ತಲೆ ಓಡಿಸಿದೆ. ‘ಸ’ ಎಂದರೆ ಸಜೀವ. ಸಜೀವ, ನಿರ್ಜೀವ ಎಂದು ಐದನೇ ಕ್ಲಾಸಿನಲ್ಲೇ ಬಾಯಿಪಾಠ ಮಾಡಿಸಿದ್ದರಲ್ಲ. ಜೋಪಾನ ಮಾಡಿ ಎಂದು ನೀನೂ ಬರೆದಿದ್ದೆ. ಆ ಹನ್ನೆರಡನ್ನು ಓವನ್ನಿಗೆ ಹಾಕಿದೆ.

ಹೆಸರಿಲ್ಲದ ಹನ್ನೆರಡು ಉಳಿದವು, ಹೋಲಿಸಿ ನೋಡಲು ನೀವು ಬೇಯಿಸಿ ಕೊಂದು ಕಳಿಸುತ್ತೀರಲ್ಲ, ಆ ಬಾಟಲಿಗಳು. ಸತ್ತದ್ದನ್ನು ಓವನ್ನಿನಲ್ಲಿಟ್ಟರೂ ಸತ್ತದ್ದೇ. ಇಲ್ಲಿ ಬಾಟಲಿಗೆ ಎಷ್ಟು ಬರ ಎಂದು ನಿನಗೆ ಗೊತ್ತೇ ಇದೆ. ಬಿರಡೆ ಕಿತ್ತು, ಕೆಸರು ಚೆಲ್ಲಿ, ತೊಳೆದು ಒಣಗಿಸಿ ಕಪಾಟಿನಲ್ಲಿ ಜೋಡಿಸಿದ್ದೇನೆ. ಬಂದಾಗ ನೋಡುವೆಯಂತೆ, ಫಳಫಳ ಅನ್ನುತ್ತಿವೆ.

ಒಂಬತ್ತನೆಯ ದಿನ ಬೆಳಿಗ್ಗೆ ಓವನ್ನಿನ ಬಾಗಿಲು ತೆಗೆದರೆ ಏಳು ಬಾಟಲಿ ಕಪ್ಪು! ನಿಮ್ಮಣ್ಣ ಕೊಟ್ಟ ಅಯಸ್ಕಾಂತ ಹಿಡಿದೆ. ಕೆಸರು ಸರ್ರನೆ ಗಾಜಿಗೆ ಬಂದು ಮೆತ್ತಿಕೊಂಡಿತು. ನಾನು ಕಿರುಚಿದ್ದು ಕೇಳಿ ಸ್ಟೋರಿನವರು ಓಡಿ ಬಂದರು, ಯಾರಿಗೋ ಕೈ ಸುಟ್ಟಿತು ಅಂದುಕೊಂಡರಂತೆ. ಡೈರೆಕ್ಟರ್ ಸಾಹೇಬರೂ ಬಂದು ತಾವೇ ಅಯಸ್ಕಾಂತ ಹಿಡಿದು ಮೇಲೆ ಕೆಳಗೆ ಆಡಿಸಿದರು. ಏನೇನೋ ಕೇಳಿದರು, ನಾನೂ ಏನೇನೋ ಹೇಳಿದೆ, ಅದಿರಲಿ. ಹೋಗುವಾಗ ಅಂದರು: “ಒಂಬತ್ತು ವರ್ಷದಿಂದ ದಿನಗೂಲಿ ಅಲ್ವೇನಮ್ಮ ನೀವು? ನಿಮ್ಮ ಕಾಯಂ ಫೈಲು ಈ ವಾರ ಕಳಿಸ್ತೀನಿ.” ಕಾಯಂ! ಬಾಟಲಿ ತೊಳೆಯಲು ಬಂದವಳಿಗೆ ಓವನ್ನು ನೋಡಿಕೊಳ್ಳಲು ಕಲಿಸಿದ್ದು ನೀನು. ಹೊಟ್ಟೆ ತಣ್ಣಗಿರಲಿ ನಿಂದು.

ಸಾಹೇಬರು ನಿನ್ನೆಯೇ ನಿಮ್ಮ ಹಡಗಿಗೆ ರೇಡಿಯೋದಲ್ಲಿ ತಿಳಿಸಿರಬೇಕು. ನೀನು ಎಷ್ಟು ಕುಣಿದಿರುತ್ತೀ ಎಂದು ನಿಮ್ಮಣ್ಣನೂ ನಾನೂ ಮಾತಾಡಿಕೊಂಡು ನಕ್ಕೆವು.

ನಿನ್ನ ಅತ್ತಿಗೆ


ಹಡಗಿನಿಂದ
27 ಫೆಬ್ರವರಿ 1996

ಅತ್ತಿಗೆ,

ಏನು ಮಾಡಿಬಿಟ್ಟಿರಿ! ‘ಸ’ ಎಂದರೆ ಸತ್ತದ್ದು. ಸತ್ತದ್ದು ಅತ್ತಿಗೆ, ಸತ್ತದ್ದು! ನಾನು ಬೇಯಿಸಿ ಕೊಂದವು ಅವು. ಜೀವ ಇದ್ದದ್ದು ಹೆಸರಿಲ್ಲದವುಗಳಲ್ಲಿ. ಅವನ್ನು ನೀವು ಮೋರಿಗೆ ಚೆಲ್ಲಿ, ತೊಳೆದು, ಫಳಫಳ ಅನ್ನುತ್ತಿವೆ ಎಂದು ಬರೆದಿದ್ದೀರಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ನೀವೇ ಅನ್ನುತ್ತಿದ್ದಿರಲ್ಲ. ನನಗೆ ಮೂರು ವರುಷ ಹಿಡಿದಿತ್ತು.

ಇನ್ನೊಂದು ತುಂಡು ತರೋಣವೆಂದರೆ ಚಿಮಣಿಯೇ ಇಲ್ಲ. ಈ ತಿಂಗಳ ಹತ್ತರಂದು ಯಂತ್ರ ಇಳಿಸಿದಾಗ ಅದು ಕುಸಿದು ರಾಶಿಯಾಗಿ ಬಿದ್ದಿತ್ತು. ನೆಲ ಅಲುಗಿರಬೇಕು. ಬಿರುಕು ಮುಚ್ಚಿ ನೀರು ತಣ್ಣಗಾಗಿದೆ.

ಇಲ್ಲಿ ಎಲ್ಲರೂ ಫೆಬ್ರವರಿ ಐದರಿಂದ ಸಂಭ್ರಮದಲ್ಲಿದ್ದಾರೆ. ಡೈರೆಕ್ಟರರ ರೇಡಿಯೋ ಸಂದೇಶವನ್ನು ಮುಖ್ಯಸ್ಥರು ಗೋಡೆಗೆ ಅಂಟಿಸಿದ್ದಾರೆ: ‘ಸಜೀವ ಏಳು ಕಪ್ಪು. ನಿರ್ಜೀವ ಹನ್ನೆರಡರಲ್ಲೂ ಬದಲಾವಣೆ ಇಲ್ಲ.’ ನಾನೂ ಮೂರು ವಾರ ಕುಣಿದೆ. ನಿನ್ನೆ ನಿಮ್ಮ ಪತ್ರ ಬಂತು. ಬದಲಾವಣೆ ಇಲ್ಲ ಎಂದು ನೋಡಿದವರು ಯಾರು? ತೊಳೆದಿಟ್ಟ ಬಾಟಲಿ ಬದಲಾಗುವುದು ಎಲ್ಲಿಂದ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಡೈರೆಕ್ಟರರಿಗೆ ನೀವು ಏನು ಹೇಳಿದಿರಿ?

ಬೆಂದು ಸತ್ತದ್ದು ಕಪ್ಪಾಗುವುದಕ್ಕೆ ಒಂದೇ ದಾರಿ ಇದೆ. ನೀವು ಯಾವುದೋ ಹಳೆಯ ಬಾಟಲಿಗೆ ಹಾಕಿದ ಸೂಜಿಯನ್ನು ಇವಕ್ಕೂ ಚುಚ್ಚಿ, ಅಲ್ಲಿಯ ಜೀವವನ್ನು ಇಲ್ಲಿಗೆ ಅಂಟಿಸಿದ್ದೀರಿ. ಹಾಗಾದರೆ ಆ ಏಳು ಬಾಟಲಿ ಕಸ. ನಾಳೆಯೇ ಹೋಗಿ ಡೈರೆಕ್ಟರರಿಗೆ ಎಲ್ಲ ಹೇಳಿ. ಇದು ಅಚ್ಚಾಗಿ, ಆಮೇಲೆ ಸಿಕ್ಕಿಬಿದ್ದರೆ ನನಗೆ ಎಲ್ಲೂ ಮುಖ ತೋರಿಸಲು ಆಗುವುದಿಲ್ಲ.

ತೊಳೆಯುವ ಕೈಗೆ ಓವನ್ನು ಕೊಟ್ಟದ್ದು ನನ್ನದೇ ತಪ್ಪು.

ಗುಬ್ಬಿ


ಪ್ರಯೋಗಾಲಯದಿಂದ
20 ಮಾರ್ಚ್ 1996

ಸಂಶೋಧಕಿಯವರಿಗೆ, ಬಾಟಲಿ ತೊಳೆಯುವವಳ ನಮಸ್ಕಾರ.

ತಮ್ಮ ಪತ್ರ ತಲುಪಿತು. ತಮ್ಮ ಅಣ್ಣನವರಿಗೆ ಓದಿ ಹೇಳಲಿಲ್ಲ. “ಏನಂತೆ ನಮ್ ಗುಬ್ಬಿ?” ಎಂದು ಎರಡು ಸಲ ಕೇಳಿದರು. ಚೆನ್ನಾಗಿದ್ದಾಳಂತೆ ಅಂದೆ.

ನಾನು ಮಾಡಿದ್ದನ್ನು ಮೊದಲು ಹೇಳುತ್ತೇನೆ. ಬಾಟಲಿ ತೊಳೆದದ್ದು ನಾನೇ. ಆ ದಿನ ಸಾಹೇಬರು “ಸತ್ತವುಗಳ ಕಥೆ ಏನು?” ಎಂದು ಕೇಳಿದರು. ಓವನ್ನಿಗೇ ಹಾಕದೆ ತೊಳೆದೆ ಎಂದು ಹೇಗೆ ಹೇಳಲಿ? “ಬದಲಾವಣೆ ಇಲ್ಲ ಸಾರ್” ಅಂದೆ. “ರಿಜಿಸ್ಟರಲ್ಲಿ ಬರೀರಿ” ಅಂದರು. ಬರೆದು ಸಹಿ ಹಾಕಿದೆ. ಅದು ಸುಳ್ಳು. ಆ ಸುಳ್ಳನ್ನು ನಿಮಗೆ ಬರೆದ ಪತ್ರದಲ್ಲೂ ಮುಚ್ಚಿಟ್ಟೆ.

ಆದರೆ ಸೂಜಿಯ ಮಾತು ನನ್ನ ಮೇಲೆ ಹೊರಿಸಬೇಡಿ. ಮುಟ್ಟಬೇಡಿ ಎಂದು ನೀವು ಬರೆದ ಬಿರಡೆಯನ್ನು ನಾನು ಉಗುರಿನಿಂದಲೂ ಮುಟ್ಟಿಲ್ಲ. ಬೇಕಾದರೆ ಭೂತಗನ್ನಡಿ ಹಿಡಿದು ನೋಡಲಿ, ಏಳರಲ್ಲಿ ಒಂದಕ್ಕೂ ಸೂಜಿಯ ಗುರುತು ಇಲ್ಲ.

ನಿಮ್ಮ ಪತ್ರ ಓದಿದ ಮೇಲೆ ಓವನ್ನಿನಿಂದ ಆ ಬಾಟಲಿಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟು ಕೂತೆ. ಆಟೋಕ್ಲೇವಿನಲ್ಲಿ, ನಾವು ಕುಕ್ಕರ್ ಅನ್ನುತ್ತೇವಲ್ಲ ಅದರಲ್ಲಿ, ಬೇಯಿಸುವ ಪ್ರತಿ ಬಾಟಲಿಗೂ ಒಂದು ಕಾಗದದ ಪಟ್ಟಿ ಅಂಟಿಸುತ್ತೇವೆ. ಬಿಳಿ ಪಟ್ಟಿ. ನೂರಿಪ್ಪತ್ತೊಂದು ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಬೆಂದರೆ ಅದರ ಮೇಲೆ ಅಡ್ಡಡ್ಡ ಕಪ್ಪು ಗೆರೆಗಳು ಮೂಡುತ್ತವೆ. ಗೆರೆ ಮೂಡಿತೋ, ಒಳಗಿನದು ಬೆಂದಿದೆ ಎಂದು ಗೊತ್ತು. ಒಂಬತ್ತು ವರ್ಷದಲ್ಲಿ ಅಂಥ ಪಟ್ಟಿ ಎಷ್ಟು ಸಾವಿರ ಕಿತ್ತಿದ್ದೇನೋ ನನಗೇ ಗೊತ್ತಿಲ್ಲ.

ನಿಮ್ಮ ‘ಸ’ ಬರೆದಿರುವುದು ಅದೇ ಪಟ್ಟಿಯ ಮೇಲೆ. ಹನ್ನೆರಡರಲ್ಲಿ ಒಂದಕ್ಕೂ ಗೆರೆ ಇಲ್ಲ! ದೀಪದ ಕೆಳಗೆ ಹಿಡಿದರೆ ಏನೋ ಕಂದು ಛಾಯೆ ಕಾಣುತ್ತದೆ, ಅಷ್ಟೇ. ಗೆರೆ ಇದ್ದಿದ್ದರೆ ಇದು ಬೆಂದ ಬಾಟಲಿ ಎಂದು ಅಕ್ಷರ ಬಾರದವಳಿಗೂ ತಿಳಿಯುತ್ತಿತ್ತು. ನಾನು ‘ಸ’ ಓದುವ ಪ್ರಮೇಯವೇ ಬರುತ್ತಿರಲಿಲ್ಲ. ಬಿಳಿ ಪಟ್ಟಿ ನೋಡಿ, ಅಕ್ಷರ ಬರೆಯಲೆಂದು ಅಂಟಿಸಿದ ಕಾಗದ, ಹೆಸರಿಲ್ಲದವುಗಳ ಪಟ್ಟಿಯನ್ನು ಹಡಗಿನಲ್ಲೇ ಕಿತ್ತಿರುತ್ತಾರೆ ಅಂದುಕೊಂಡೆ.

ಗುಬ್ಬಿ, ಇಷ್ಟು ಹೊತ್ತು ಬಹುವಚನದಲ್ಲಿ ಬರೆದು ಕೈ ನೋಯುತ್ತಿದೆ. ನೇರ ಕೇಳುತ್ತೇನೆ. ನೀನು ಅವನ್ನು ಬೇಯಿಸಿದೆಯಾ? ಪೂರ್ತಿ ಇಪ್ಪತ್ತು ನಿಮಿಷ ಬೇಯಿಸಿದೆಯಾ?

ನನ್ನ ಕಾಯಂ ಆದೇಶ ಟೈಪಾಗಿ ಸಾಹೇಬರ ಮೇಜಿನ ಮೇಲಿದೆ. ನಿನ್ನ ಉತ್ತರ ಬರುವವರೆಗೆ ಆ ಕೋಣೆಗೆ ಕಾಲಿಡುವುದಿಲ್ಲ. ಬರಲಿ, ಇಬ್ಬರದೂ ಸೇರಿಸಿ ಹೇಳುತ್ತೇನೆ.

ಅತ್ತಿಗೆ


ಹಡಗಿನಿಂದ
9 ಏಪ್ರಿಲ್ 1996

ಪ್ರೀತಿಯ ಅತ್ತಿಗೆ,

ಹೋದ ಪತ್ರದಲ್ಲಿ ಸಿಟ್ಟಿನಲ್ಲಿ ಏನೋ ಬರೆದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಬೇಯಿಸದೆ ಇರುತ್ತೇನೆಯೇ? ನನ್ನ ಪುಸ್ತಕದಲ್ಲಿ ಬರೆದಿದೆ, ನೂರಿಪ್ಪತ್ತೊಂದು ಡಿಗ್ರಿ, ಇಪ್ಪತ್ತು ನಿಮಿಷ, ಕೆಳಗೆ ನನ್ನ ಸಹಿ. ಹಡಗಿನ ಉಪ್ಪುಗಾಳಿಗೆ ಪಟ್ಟಿಗಳು ಹಾಳಾಗಿರುತ್ತವೆ. ಒಮ್ಮೊಮ್ಮೆ ಗೆರೆ ಮೂಡುವುದಿಲ್ಲ. ಪಟ್ಟಿಯನ್ನು ಯಾರೂ ಸಾಕ್ಷಿ ಎಂದು ಹಿಡಿಯುವುದಿಲ್ಲ. ಅಲ್ಲದೆ, ಆ ಜೀವಿಗಳು ಅಷ್ಟು ಬಿಸಿಯನ್ನೂ ತಡೆದುಕೊಂಡಿರಬಹುದಲ್ಲ? ಯಾರು ಬೇಡ ಅಂದವರು? ಹಾಗಿದ್ದರೆ ಇದು ಇನ್ನೂ ದೊಡ್ಡ ಸುದ್ದಿ.

ಅತ್ತಿಗೆ, ಡೈರೆಕ್ಟರರಿಗೆ ಈಗಲೇ ಏನೂ ಹೇಳಬೇಡಿ. ಜೂನ್ ಮೊದಲ ವಾರ ನಾವು ದಡಕ್ಕೆ ಬರುತ್ತೇವೆ, ಬಂದ ಮೇಲೆ ಕೂತು ಯೋಚಿಸೋಣ. ಮುಖ್ಯಸ್ಥರು ಲೇಖನ ಬರೆದು ಮುಗಿಸಿದ್ದಾರೆ. ಮುಂದಿನ ಯಾತ್ರೆಯ ಪಟ್ಟಿಯಲ್ಲಿ ನನ್ನ ಹೆಸರು ಮೊದಲನೆಯದು. ನಿಮ್ಮ ಆದೇಶವೂ ಟೈಪಾಗಿದೆ. ಬಾಯಿ ಬಿಟ್ಟರೆ ನಿಮ್ಮದೂ ಹೋಗುತ್ತದೆ, ನನ್ನದೂ ಹೋಗುತ್ತದೆ. ಸುಮ್ಮನಿದ್ದರೆ ಯಾರಿಗೆ ನಷ್ಟ? ಬಾಟಲಿಯಲ್ಲಿ ಜೀವ ಇರುವುದಂತೂ ನಿಜ ತಾನೇ?

ಆ ಪಟ್ಟಿಗಳನ್ನು ಕಿತ್ತು ಎಸೆದುಬಿಡಿ. ಈ ಪತ್ರವನ್ನೂ.

ನಿಮ್ಮ ಗುಬ್ಬಿ


ಪ್ರಯೋಗಾಲಯದಿಂದ
30 ಏಪ್ರಿಲ್ 1996

ಗುಬ್ಬಿಗೆ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬೇಯಿಸಿದೆಯಾ ಎಂದು ಕೇಳಿದೆ, ನೀನು ಪಟ್ಟಿ ಎಸೆಯಿರಿ ಅಂದೆ. ನನಗೆ ಉತ್ತರ ಸಿಕ್ಕಿತು.

ನಿನ್ನ ಪತ್ರ ಬಂದ ದಿನವೇ ಸಾಹೇಬರ ಕೋಣೆಗೆ ಹೋದೆ. ‘ಸ’ ತಪ್ಪಾಗಿ ಓದಿದ್ದು, ಬಾಟಲಿ ತೊಳೆದದ್ದು, ರಿಜಿಸ್ಟರಿನ ಸುಳ್ಳು, ಮೂರನ್ನೂ ಹೇಳಿದೆ. ಕುರ್ಚಿಯ ಬೆನ್ನು ಹಿಡಿದುಕೊಂಡೇ ಹೇಳಿದೆ. ಅವರು ಬೈಯಲಿಲ್ಲ, ಅದೇ ಭಯವಾಯಿತು. ಕನ್ನಡಕ ತೆಗೆದಿಟ್ಟು ಕೇಳಿದರು:

“ಹಾಗಾದ್ರೆ ಕಪ್ಪಾಗಿರೋದು ಸತ್ತ ಬಾಟಲಿಗಳು. ಸತ್ತದ್ದಕ್ಕೆ ಜೀವ ಎಲ್ಲಿಂದ ಬಂತಮ್ಮ?”

“ಗೊತ್ತಿಲ್ಲ ಸಾರ್.”

“ಹಡಗಲ್ಲಿ ಬೇಯ್ಸಿ ಸೀಲ್ ಮಾಡಿ ಕಳ್ಸಿದ್ದಾರೆ, ಪುಸ್ತಕದಲ್ಲಿ ಬರ್ದಿದ್ದಾರೆ. ಆಮೇಲೆ ಅದನ್ನ ಮುಟ್ಟಿದ್ದು ನೀವೊಬ್ರೇ.”

ಆದೇಶದ ಕಾಗದವನ್ನು ಮೇಜಿನ ಡ್ರಾಯರಿಗೆ ಹಾಕಿದರು. ಮೇ ಇಪ್ಪತ್ತೈದಕ್ಕೆ ಮೂರು ಜನರ ಕಮಿಟಿ ಕೂರುತ್ತದೆ. ನನ್ನ ಮೇಲೆ ಮೂರು ಆರೋಪ: ಬಾಟಲಿ ನಾಶ ಮಾಡಿದ್ದು, ಸುಳ್ಳು ಬರೆದದ್ದು, ಸೀಲಾದ ಬಾಟಲಿಗೆ ಬೇರೆ ಜೀವ ಬೆರೆಸಿ ಮೋಸ ಮಾಡಿದ್ದು. ಮೊದಲ ಎರಡು ನಿಜ, ಅವಕ್ಕೆ ಏನು ಶಿಕ್ಷೆ ಕೊಟ್ಟರೂ ತಲೆಬಾಗಿಸುತ್ತೇನೆ. ಮೂರನೆಯದಕ್ಕೆ ಕೆಲಸ ಹೋಗುತ್ತದೆ ಎಂದು ಗುಮಾಸ್ತರು ಹೇಳಿದರು. ಮೋಸ ಮಾಡಿ ಹೊರಬಿದ್ದವಳನ್ನು ಇನ್ನೊಂದು ಪ್ರಯೋಗಾಲಯ ಒಳಗೆ ಸೇರಿಸುವುದಿಲ್ಲ.

ಪಟ್ಟಿಗಳು ನನ್ನ ಪೆಟ್ಟಿಗೆಯಲ್ಲಿವೆ. ಎಸೆದಿಲ್ಲ. ತೋರಿಸಿಯೂ ಇಲ್ಲ. ಮನೆಮಗಳ ಮೇಲೆ ದೂರು ಹೇಳಿ ಉಳಿಸಿಕೊಂಡ ಕೆಲಸದ ಅನ್ನ ನನಗೆ ಗಂಟಲಿನಲ್ಲಿ ಇಳಿಯುವುದಿಲ್ಲ. ನಿನ್ನ ಪಾಲಿನದನ್ನು ನೀನೇ ಹೇಳಬೇಕು.

ಆ ಜೀವಿಗಳು ಅಷ್ಟು ಬಿಸಿಯನ್ನೂ ತಡೆದಿರಬಹುದು ಎಂದು ಬರೆದಿದ್ದೀಯ. ಸರಿ, ಅದನ್ನೂ ನೋಡೋಣ. ನಿನ್ನೆ ಸಾಹೇಬರ ಒಪ್ಪಿಗೆ ಪಡೆದು, ಸ್ಟೋರಿನವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಏಳರಲ್ಲಿ ಒಂದನ್ನು ನಮ್ಮ ಕುಕ್ಕರಿನಲ್ಲಿಟ್ಟೆ. ನೂರಿಪ್ಪತ್ತೊಂದು ಡಿಗ್ರಿ, ಇಪ್ಪತ್ತು ನಿಮಿಷ. ಗಡಿಯಾರ ನೋಡುತ್ತ ಇಬ್ಬರೂ ನಿಂತೇ ಇದ್ದೆವು. ಗೆರೆಗಳು ಕಾಡಿಗೆ ಹಚ್ಚಿದ ಹಾಗೆ ಮೂಡಿದವು. ಅದರಿಂದ ಸ್ಟೋರಿನವರ ಕೈಯಿಂದಲೇ ಸೂಜಿಯಲ್ಲಿ ಒಂದು ತೊಟ್ಟು ಹೊಸ ಕೆಂಪು ಕೆಸರಿಗೆ ಹಾಕಿಸಿ ಓವನ್ನಿನಲ್ಲಿ ಇಟ್ಟಿದ್ದೇವೆ. ಬೇಯಿಸದ ಇನ್ನೊಂದರಿಂದಲೂ ಒಂದು ತೊಟ್ಟು ಬೇರೆ ಬಾಟಲಿಗೆ. ಎರಡೂ ಕಪ್ಪಾದರೆ ನಿನ್ನ ಪುಸ್ತಕ ಬರೆದದ್ದೇ ನಿಜ, ನಾನೇ ನಿನ್ನ ಕ್ಷಮೆ ಕೇಳುತ್ತೇನೆ.

ಆದರೆ ಫಲಿತಾಂಶ ನಿನಗೆ ತಲುಪಿಸುವ ದಾರಿ ನನ್ನ ಬಳಿ ಇಲ್ಲ. ಈ ಪತ್ರ ನಿನಗೆ ಸಿಗುವುದು ಮೇ ಇಪ್ಪತ್ತರ ಸುಮಾರಿಗೆ. ನಿನ್ನ ಪತ್ರ ಇಲ್ಲಿಗೆ ಬರುವಷ್ಟರಲ್ಲಿ ಕಮಿಟಿ ಮುಗಿದಿರುತ್ತದೆ. ಉಳಿದಿರುವುದು ನಿಮ್ಮ ಹಡಗಿನ ರೇಡಿಯೋ ಒಂದೇ. ಅಲ್ಲಿ ಗುಟ್ಟಾಗಿ ಮಾತಾಡಲು ಆಗುವುದಿಲ್ಲ ಎಂದು ನನಗೂ ಗೊತ್ತು.

ನಿಮ್ಮಣ್ಣನಿಗೆ ಇನ್ನೂ ಹೇಳಿಲ್ಲ. ಕಾಯಂ ಆದ ಮೇಲೆ ಅಂಗಡಿಗೆ ಹೊಸ ಬೋರ್ಡು ಬರೆಸಬೇಕು ಅನ್ನುತ್ತಿದ್ದಾರೆ. ನನಗೆ ತುಂಬಾ ಭಯವಾಗಿದೆ ಗುಬ್ಬಿ.

ಅತ್ತಿಗೆ


ಹಡಗಿನಿಂದ
21 ಮೇ 1996

ಅತ್ತಿಗೆ,

ನಿಮ್ಮ ಪತ್ರ ನಿನ್ನೆ ಬೆಳಿಗ್ಗೆ ಸಿಕ್ಕಿತು. ಇದು ನಿಮಗೆ ಸಿಗುವ ಮೊದಲೇ ನಾನೇ ಬಂದಿರುತ್ತೇನೆ. ಆದರೂ ಬರೆಯದೆ ಇರಲು ಆಗುತ್ತಿಲ್ಲ.

ನಿನ್ನೆ ಮಧ್ಯಾಹ್ನದವರೆಗೆ ನಾನು ಏನು ಯೋಚಿಸಿದೆ ಎಂದು ಹೇಳಿದರೆ ನಿಮಗೆ ಹೇಸಿಗೆಯಾಗುತ್ತದೆ. ಬೆಂದ ತೊಟ್ಟು ಕಪ್ಪಾಗಿರಬಹುದು, ಆಗ ನಾನು ಬಾಯಿ ಬಿಡುವ ಅಗತ್ಯವೇ ಇಲ್ಲ, ಐದು ದಿನ ಸುಮ್ಮನಿದ್ದುಬಿಡೋಣ ಅಂದುಕೊಂಡೆ. ಊಟಕ್ಕೆ ಹೋದೆ. ಮುಖ್ಯಸ್ಥರು ಯಾರೊಡನೆಯೋ ಹೇಳುತ್ತಿದ್ದರು: “ಅಲ್ಲಿ ಒಬ್ಳು ಬಾಟಲಿ ತೊಳೆಯೋಳು ಏನೋ ಗೋಲ್‌ಮಾಲ್ ಮಾಡಿದ್ದಾಳಂತೆ. ಡೈರೆಕ್ಟರ್ ರೇಡಿಯೋ ಮಾಡಿದ್ರು. ಅವಳನ್ನ ತೆಗೆದ್ರೆ ನಮ್ಮ ಲೇಖನಕ್ಕೇನೂ ತೊಂದ್ರೆ ಇಲ್ಲ.” ‘ತೊಳೆಯೋಳು’ ಅನ್ನುವ ಮಾತು ಅವರ ಬಾಯಲ್ಲಿ ಕೇಳಿದಾಗ ಮೈಯೆಲ್ಲ ಉರಿಯಿತು. ಆಮೇಲೆ ಹೊಳೆಯಿತು, ಅದನ್ನೇ ನಾನೂ ಬರೆದಿದ್ದೆ. ತಟ್ಟೆ ಬಿಟ್ಟು ಎದ್ದೆ.

ರೇಡಿಯೋ ಕೋಣೆ ಅಂದರೆ ಒಂದು ಕಪಾಟಿನಷ್ಟು ಜಾಗ. ಬಾಗಿಲು ಹಾಕಿದರೆ ಸೆಕೆ, ಅದಕ್ಕೆ ಯಾವಾಗಲೂ ತೆರೆದೇ ಇರುತ್ತದೆ. ಹೊರಗೆ ಕಾಫಿ ಲೋಟ ಹಿಡಿದುಕೊಂಡು ನಾಲ್ಕೈದು ಜನ ಇದ್ದರು. ಮುಖ್ಯಸ್ಥರೂ ಹಿಂದೆಯೇ ಬಂದರು. ರೇಡಿಯೋದವರು ಪೆನ್ಸಿಲ್ ತೆಗೆದು “ಹೇಳಿ” ಅಂದರು. ಹೇಳಿದೆ. ಹಡಗಿನ ಕುಕ್ಕರಿನಲ್ಲಿ ‘ಸ’ ಬಾಟಲಿಗಳನ್ನು ಇಟ್ಟದ್ದು ನಾನು. ತುಂಡು ತಂದ ಯಂತ್ರವನ್ನು ಅಷ್ಟರಲ್ಲಿ ಮತ್ತೆ ಇಳಿಸಿದ್ದರು, ಬಿಸಿ ಏರುತ್ತಿದ್ದಾಗ ಮೇಲಿನಿಂದ ಯಾರೋ ‘ಚಿಮಣಿ ಮತ್ತೆ ಕಾಣ್ತಿದೆ’ ಎಂದು ಕೂಗಿದರು. ಪರದೆಯ ಮೇಲೆ ನೋಡಲು ಓಡಿದೆ. ಕಪ್ಪು ನೀರು ಬುಸುಗುಟ್ಟುತ್ತ ಏಳುತ್ತಿತ್ತು, ಅತ್ತಿಗೆ, ಮೂರು ವರ್ಷ ಕಾದಿದ್ದು ಅದಕ್ಕೇ. ಯಂತ್ರವನ್ನು ಎಳೆಯಲು ವಿದ್ಯುತ್ ಸಾಲದೆಂದು ಕೆಳಗಿನವರು ಕುಕ್ಕರಿನ ಸ್ವಿಚ್ಚು ಆರಿಸಿದ್ದರು. ವಾಪಸು ಬಂದಾಗ ಅದು ತಣ್ಣಗಾಗುತ್ತಿತ್ತು. ಎಷ್ಟು ಹೊತ್ತು ಉರಿದಿತ್ತೋ ನನಗೆ ಗೊತ್ತಿಲ್ಲ. ಮತ್ತೆ ಇಡಬೇಕಿತ್ತು. ಸರಕಿನ ಹಡಗು ಹೊರಡುವ ಹೊತ್ತಾಗಿತ್ತು. ಇಪ್ಪತ್ತು ನಿಮಿಷ ಎಂದು ಬರೆದು ಸಹಿ ಹಾಕಿ, ಪೆಟ್ಟಿಗೆಗೆ ತುಂಬಿದೆ. ಪಟ್ಟಿಯಲ್ಲಿ ಗೆರೆ ಇಲ್ಲದ್ದನ್ನು ನೋಡಿದ್ದೆ.

ನಿನ್ನೆ ಗಾಳಿ ಕೆಟ್ಟಿತ್ತು, ಆ ಕಡೆಯವರಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ‘ನಾನು ಅಲ್ಲಿ ನಿಂತಿರಲಿಲ್ಲ’ ಎಂಬ ಸಾಲಿಗೆ ಬಂದಾಗ ರೇಡಿಯೋದವರು ತಲೆ ಅಲ್ಲಾಡಿಸಿ, “ಇನ್ನೊಂದ್ಸಲ ಹೇಳಿ, ನೀವೇ ಮೈಕಲ್ಲಿ ಹೇಳಿ” ಅಂದರು. ಹೇಳಿದೆ. “ಕೇಳಿಸ್ಲಿಲ್ಲವಂತೆ, ಜೋರಾಗಿ.” ಮತ್ತೆ ಹೇಳಿದೆ. ಮೂರನೆಯ ಸಲ ಕೂಗಿದೆ. ಹೊರಗೆ ಲೋಟಗಳ ಸದ್ದು ನಿಂತುಹೋಯಿತು. ತಿರುಗಿ ನೋಡಿದಾಗ ಮುಖ್ಯಸ್ಥರು ಹೊರಟುಹೋಗಿದ್ದರು.

ಸಂಜೆ ಅವರ ಕೋಣೆಗೆ ಕರೆದು ಎರಡೇ ಮಾತು ಅಂದರು: “ಲೇಖನ ವಾಪಸ್ ತಗೋತಿದ್ದೀನಿ. ಮುಂದಿನ ಯಾತ್ರೆಗೆ ನೀವು ಬೇಡ.” ಸರಿ ಸಾರ್ ಅಂದೆ. ಅಳು ಬಂದದ್ದು ಆಮೇಲೆ.

ಸಂದೇಶ ಪೂರ್ತಿ ಮುಟ್ಟಿತೋ ಇಲ್ಲವೋ ಗೊತ್ತಿಲ್ಲ. ಯಾರೂ ನನಗೆ ಹೇಳುತ್ತಿಲ್ಲ, ಕೇಳಲು ಧೈರ್ಯವಿಲ್ಲ. ನಿಮ್ಮ ಕೆಲಸ ಉಳಿಯಲಿ. ಕ್ಷಮಿಸಿ ಎಂದು ಬರೆದು ನಾಲ್ಕು ಸಲ ಹೊಡೆದುಹಾಕಿದ್ದೇನೆ, ಅದು ಬರೆಯಲೂ ಆಗದಷ್ಟು ಸಣ್ಣ ಮಾತಾಗಿ ಕಾಣುತ್ತಿದೆ.

ಗುಬ್ಬಿ


ಮನೆಯಿಂದ
27 ಮೇ 1996

ಗುಬ್ಬಿಗೆ,

ಈ ಪತ್ರವನ್ನು ಬಂದರಿನ ಕಚೇರಿಗೆ ಕಳಿಸುತ್ತಿದ್ದೇನೆ. ಹಡಗಿನಿಂದ ಇಳಿದ ಕೂಡಲೇ ನಿನ್ನ ಕೈಗೆ ಕೊಡುತ್ತಾರೆ.

ಕಮಿಟಿ ನಡೆಯಿತು. ಉದ್ದ ಮೇಜು, ಮೂರು ಜನ, ನನಗೆ ಒಂದು ಸ್ಟೂಲು. ಮೂರನೆಯ ಆರೋಪಕ್ಕೆ ಬಂದಾಗ ಸಾಹೇಬರು ಗುಮಾಸ್ತರ ಕಡೆ ನೋಡಿದರು. ಅವರು ನಿನ್ನ ಸಂದೇಶ ಓದಿದರು. ಈ ಕಡೆಯ ರೇಡಿಯೋದವರು ಕೇಳಿದ್ದನ್ನೆಲ್ಲ ಇದ್ದ ಹಾಗೇ ಬರೆದುಕೊಂಡಿದ್ದರು. ಗುಮಾಸ್ತರೂ ಹಾಗೇ ಓದಿದರು: ‘ನಾನು ಅಲ್ಲಿ ನಿಂತಿರಲಿಲ್ಲ. ನಾನು ಅಲ್ಲಿ ನಿಂತಿರಲಿಲ್ಲ. ನಾನು ಅಲ್ಲಿ ನಿಂತಿರಲಿಲ್ಲ.’ ಯಾರೂ ನಗಲಿಲ್ಲ. ನನಗೆ ಅಳು ತಡೆಯಲು ಆಗಲಿಲ್ಲ.

ಸಾಹೇಬರು ಕೇಳಿದರು: “ನಿಮಗಿದು ಮೊದ್ಲೇ ಗೊತ್ತಿತ್ತೇನಮ್ಮ?”

“ಗೊತ್ತಿತ್ತು ಸಾರ್.”

“ಮತ್ಯಾಕೆ ಹೇಳ್ಲಿಲ್ಲ?”

“ನಾನು ಹೇಳಿದ್ರೆ ಚಾಡಿ ಆಗ್ತಿತ್ತು ಸಾರ್. ಅವಳೇ ಹೇಳ್ಬೇಕಿತ್ತು.”

ಮೂರನೆಯ ಆರೋಪ ಬಿಟ್ಟರು. ಕೆಲಸ ಉಳಿಯಿತು. ಕಾಯಂ ಆದೇಶ ರದ್ದಾಯಿತು, ಮತ್ತೆ ದಿನಗೂಲಿ. ರಿಜಿಸ್ಟರು ಬರೆಯುವ ಕೆಲಸ ಸ್ಟೋರಿನವರಿಗೆ ಹೋಯಿತು. ಸುಳ್ಳು ಬರೆದ ಕೈಗೆ ಅಷ್ಟಾದರೂ ಆಗಬೇಕಿತ್ತು. ಮನೆಗೆ ಬಂದು ನಿಮ್ಮಣ್ಣನಿಗೆ ಮೊದಲಿನಿಂದ ಎಲ್ಲ ಹೇಳಿದೆ. ಬಹಳ ಹೊತ್ತು ಒಂದು ಹಳೆಯ ರೇಡಿಯೋ ಬಿಚ್ಚಿ ಜೋಡಿಸುತ್ತ ಕೂತಿದ್ದರು. “ಇಬ್ರಿಗೂ ಬುದ್ಧಿ ಇಲ್ಲ” ಅಂದರು, ಅಷ್ಟೇ.

ಆ ಎರಡು ತೊಟ್ಟಿನ ವಿಷಯ. ಬೇಯಿಸದ್ದು ಎಂಟನೆಯ ದಿನಕ್ಕೆ ಕಪ್ಪಾಯಿತು. ಬೆಂದದ್ದು ಇಪ್ಪತ್ತೆಂಟು ದಿನವಾದರೂ ಹಾಗೇ ಕೆಂಪಗಿದೆ. ಇಪ್ಪತ್ತು ನಿಮಿಷಕ್ಕೆ ಅವು ಸಾಯುತ್ತವೆ ಗುಬ್ಬಿ. ನೀನು ಸುಮ್ಮನಿದ್ದಿದ್ದರೆ ಪಟ್ಟಿಯನ್ನೂ ಆ ಬಾಟಲಿಯನ್ನೂ ಹಿಡಿದುಕೊಂಡು ನಾನು ಕಮಿಟಿಯ ಮುಂದೆ ಬಾಯಿ ಬಿಡುತ್ತಿದ್ದೆನೋ ಏನೋ. ಬಿಡುವುದಿಲ್ಲ ಎಂದು ನಿನಗೆ ಬರೆದಿದ್ದೆ. ಹಿಂದಿನ ರಾತ್ರಿಯಿಡೀ ನಿದ್ದೆ ಬರಲಿಲ್ಲ, ಅವೆರಡನ್ನೂ ಚೀಲದಲ್ಲಿ ಇಟ್ಟುಕೊಂಡೇ ಹೋಗಿದ್ದೆ. ಇದನ್ನೂ ನಿನ್ನಿಂದ ಮುಚ್ಚಿಡುವುದಿಲ್ಲ.

ಹೊರಗೆ ಬಂದಾಗ ಸಾಹೇಬರು ನಗುತ್ತ ಅಂದರು, ನಿಮ್ಮ ನಾದಿನಿ ಸರಿಯಾಗಿ ಬೇಯಿಸಿದ್ದರೆ ಆ ಚಿಮಣಿಯದು ಒಂದೂ ಉಳಿಯುತ್ತಿರಲಿಲ್ಲ, ಅವಳ ತಪ್ಪೇ ಕಾಪಾಡಿತು ಎಂದು. ನಿನಗೂ ಹಾಗೆ ಹೇಳಿ ಸಮಾಧಾನ ಮಾಡಬಹುದು. ನಂಬಬೇಡ. ಸರಿಯಾಗಿ ಬೇಯಿಸಿದ್ದರೆ ಗೆರೆ ಮೂಡುತ್ತಿತ್ತು, ಜೀವ ಇದ್ದವನ್ನು ನಾನು ತೊಳೆಯುತ್ತಲೇ ಇರಲಿಲ್ಲ, ಹನ್ನೆರಡಕ್ಕೆ ಹನ್ನೆರಡೂ ಇರುತ್ತಿದ್ದವು. ಈಗ ಉಳಿದಿರುವುದು ಆರೇ ಬಾಟಲಿ. ಅವನ್ನು ಮುಂದೆ ಬೆಳೆಸಲು ಒಬ್ಬರು ಬೇಕು. ಯಾತ್ರೆಯಿಂದ ತೆಗೆದರೆ ಏನಂತೆ, ಪ್ರಯೋಗಾಲಯದಿಂದ ತೆಗೆದಿಲ್ಲವಲ್ಲ, ಬರಲಿ ಅಂದಿದ್ದಾರೆ ಸಾಹೇಬರು. ಮೊದಲಿನಿಂದ ಶುರು ಮಾಡಬೇಕು, ಎರಡು ಮೂರು ವರ್ಷ ಹಿಡಿಯುತ್ತದೆ.

ಬಂದರಿಗೆ ನಿಮ್ಮಣ್ಣ ಬರುತ್ತಾರೆ. ನಾನು ಬರುವುದಿಲ್ಲ. ನೀನು ರೇಡಿಯೋದಲ್ಲಿ ಕೂಗಿದ್ದು ಕಮಿಟಿಗೆ ಸಾಕಾಯಿತು, ನನಗೆ ಸಾಕಾಗಿಲ್ಲ. ಫೆಬ್ರವರಿಯ ನಿನ್ನ ಪತ್ರ ಅಡುಗೆಮನೆಯ ಮೇಜಿನ ಮೇಲಿಟ್ಟಿದ್ದೇನೆ. ಬಂದು ನನ್ನೆದುರಿಗೆ ಕೂತು, ಅದರ ಕಡೆಯ ಸಾಲನ್ನು, ಆ ‘ತೊಳೆಯುವ ಕೈ’ಯ ಸಾಲನ್ನು, ನನ್ನ ಮುಖ ನೋಡುತ್ತ ಓದು. ಓದಲು ಆಗದಿದ್ದರೆ ಆಗುವುದಿಲ್ಲ ಎಂದು ಹೇಳು. ಆಮೇಲೆ ಇಬ್ಬರಿಗೂ ತಟ್ಟೆ ಹಾಕುತ್ತೇನೆ. ಆ ದಿನ ನೀನು ಬರುವವರೆಗೆ ನಾನೂ ಊಟ ಮಾಡುವುದಿಲ್ಲ, ಬೇಗ ಬಾ.

ಅತ್ತಿಗೆ